ಅಡಮಾನಕ್ಕೆ ಜಾಗ ಇಲ್ಲ, ಎಂಜಿನಿಯರಿಂಗ್ ಫೀ ಕಟ್ಟೋದು ಹೇಗೆ?

ಪ್ರಶ್ನೆ: ಸರ್, ನಮ್ಮದು ಕುಮಟಾ ತಾಲ್ಲೂಕಿನ ತದಡಿ ಹತ್ತಿರದ ಊರು. ಅಪ್ಪ ಬೇರೆಯವರ ಬೋಟಿಗೆ ಹೋಗುತ್ತಾರೆ, ಅಮ್ಮ ಮೀನು ಮಾರುತ್ತಾರೆ. ಆದಾಯ ಪತ್ರದಲ್ಲಿ ವರ್ಷಕ್ಕೆ 2 ಲಕ್ಷ ಇದೆ. ನಾವು ಪ್ರವರ್ಗ-1. ಸಿಇಟಿ ರ‍್ಯಾಂಕ್ ನೋಡಿದರೆ ಹುಬ್ಬಳ್ಳಿ ಕಡೆಯ ಖಾಸಗಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೀಟು ಸಿಗುವ ಹಾಗಿದೆ. ಫೀ, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ 1 ಲಕ್ಷದ 70 ಸಾವಿರ ಬೇಕು. ಬ್ಯಾಂಕಿಗೆ ಹೋದರೆ "ಜಾಗ ಅಡ ಇಡಬೇಕು, ಅಪ್ಪನ ಐಟಿಆರ್ ತನ್ನಿ" ಎಂದರು. ನಮ್ಮ ಮನೆಯ ಪಹಣಿ ಇನ್ನೂ ಅಜ್ಜನ ಹೆಸರಲ್ಲಿ ಜಂಟಿಯಾಗಿದೆ, ಐಟಿಆರ್ (ಆದಾಯ ತೆರಿಗೆಯ ಲೆಕ್ಕ) ಯಾರೂ ಮಾಡಿಲ್ಲ. ಬೋಟಿನ ಮಾಲೀಕರು ಬಡ್ಡಿ ಇಲ್ಲದೆ 1 ಲಕ್ಷ ಮುಂಗಡ ಕೊಡುತ್ತೇನೆ ಎಂದಿದ್ದಾರೆ. ಅಮ್ಮ ಬಂಗಾರ ಇಡೋಣ ಅನ್ನುತ್ತಾರೆ. ಅವರ ಹೆಸರಲ್ಲಿ ಸಂಘದ ಸಾಲ ಬೇರೆ ನಡೆಯುತ್ತಿದೆ. ಒಬ್ಬ ಏಜೆಂಟ್ ಮ್ಯಾನೇಜ್‌ಮೆಂಟ್ ಸೀಟು ಮಾಡಿಸಿ ಸ್ಕಾಲರ್‌ಶಿಪ್ಪಿನಲ್ಲೇ ಫೀ ಕಟ್ಟಿಸುತ್ತೇನೆ ಎಂದು ಫೋನ್ ಮಾಡುತ್ತಿದ್ದಾನೆ. ಈಗ ಬೋಟು ಬಂದ್. ಕೈಯಲ್ಲಿ ಏನೂ ಇಲ್ಲ. ಇದೆಲ್ಲ ಬಿಟ್ಟು ಕುಮಟಾದಲ್ಲೇ ಬಿಎಸ್‌ಸಿ ಸೇರುವುದು ಒಳ್ಳೆಯದಾ?

ಉತ್ತರ: ನಿಮ್ಮ ಪತ್ರ ಓದಿದರೆ ಎರಡು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿರುವುದು ಕಾಣುತ್ತದೆ. ಒಂದು, ನಾಲ್ಕು ವರ್ಷಕ್ಕೆ ಸುಮಾರು 6 ಲಕ್ಷದ 80 ಸಾವಿರ ಎಲ್ಲಿಂದ ತರೋದು ಅಂತ. ಇನ್ನೊಂದು, ಈ ತಿಂಗಳ ಫೀ ಎಲ್ಲಿಂದ ತರೋದು ಅಂತ. ಇವೆರಡಕ್ಕೂ ಬೇರೆ ಬೇರೆ ಉತ್ತರ ಇದೆ. ನಮ್ಮ ಕರಾವಳಿಯ ಮನೆಗಳು ಕೆಡುವುದು ಎರಡನೆಯದರ ಅವಸರದಲ್ಲಿ ಮೊದಲನೆಯದಕ್ಕೂ ಸಹಿ ಹಾಕಿಬಿಟ್ಟಾಗ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಿಇಟಿ ಸೀಟು ಹಂಚಿಕೆ, ಫೀ ಚಲನ್ ಎಲ್ಲ ಬರುವುದೂ ಇದೇ ಮಳೆಗಾಲದಲ್ಲಿ. ಶಿರಸಿ, ಸಿದ್ದಾಪುರದ ಅಡಿಕೆ ಮನೆಯವರಿಗೂ ಇದೇ ಕಥೆ. ಕೊಯ್ಲು ನವೆಂಬರ್ ಮೇಲೆ, ಫೀ ಆಗಸ್ಟಿನಲ್ಲಿ. ಆದರೆ ಅವರಿಗೆ ಸೊಸೈಟಿಯಲ್ಲಿ ಬೆಳೆಯ ಲೆಕ್ಕದ ಮೇಲೆ ಒಂದಿಷ್ಟು ಕೈ ಓಡುತ್ತದೆ. ಬೋಟಿನ ಪಾಲಿನ ಮೇಲೆ ಬದುಕುವವರಿಗೆ ಅದೂ ಇಲ್ಲ.

ಮೊದಲು ಬ್ಯಾಂಕಿನವರು ಹೇಳಿದ್ದನ್ನು ನೋಡೋಣ. ನಾನು ಬ್ಯಾಂಕಿನಲ್ಲಿ ಬಹುಪಾಲು ಸಾಲದ ಮೇಜಿನಲ್ಲೇ ಕುಳಿತವನು, ಅದಕ್ಕೇ ನೇರವಾಗಿ ಹೇಳುತ್ತೇನೆ. ನಿಮ್ಮ ಸಾಲಕ್ಕೆ ಜಾಗ ಅಡ ಇಡಬೇಕಾಗಿಲ್ಲ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಯಾವತ್ತೋ ಹೇಳಿದೆ. ಅದರ ಮೇಲೆ 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಸಾಲ ಖಾತರಿ ನಿಧಿ ಇದೆ. ಆ ಯೋಜನೆಯಲ್ಲಿ ಅಡಮಾನವೂ ಬೇಡ, ಹೊರಗಿನವರ ಜಾಮೀನೂ ಬೇಡ. ಅಪ್ಪ ಅಥವಾ ಅಮ್ಮ ನಿಮ್ಮ ಜೊತೆ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ನಿಮ್ಮ ಪೂರ್ತಿ ಲೆಕ್ಕ ಈ ಮಿತಿಯ ಒಳಗೇ ಇದೆ. ಜಂಟಿ ಪಹಣಿ, ಅತಿಕ್ರಮಣ ಜಾಗ, ಬೆಟ್ಟ ಭೂಮಿ, ಇವೆಲ್ಲ ನಮ್ಮ ಜಿಲ್ಲೆಯಲ್ಲಿ ಮನೆಮನೆಯ ತಾಪತ್ರಯ. ಅದಕ್ಕೂ ನಿಮ್ಮ ಓದಿನ ಸಾಲಕ್ಕೂ ಸಂಬಂಧ ಇಲ್ಲ.

ಐಟಿಆರ್ ವಿಷಯವೂ ಹಾಗೇ. ಶಿಕ್ಷಣ ಸಾಲದಲ್ಲಿ ನೋಡಬೇಕಾದ್ದು ಓದು ಮುಗಿದ ಮೇಲೆ ಮಗು ಎಷ್ಟು ದುಡಿಯಬಹುದು ಎನ್ನುವುದನ್ನು. ಐಟಿಆರ್ ಇಲ್ಲದ ಎಷ್ಟೋ ಮನೆಗಳಿಗೆ ತಹಶೀಲ್ದಾರರ ಆದಾಯ ಪತ್ರದ ಮೇಲೇ ನಾವು ಸಾಲ ಕೊಟ್ಟಿದ್ದೇವೆ. "ನಿಮ್ಮೂರು ನಮ್ಮ ಶಾಖೆಗೆ ಬರೋದಿಲ್ಲ" ಎಂದೂ ಕೆಲವರು ಸಾಗಹಾಕುತ್ತಾರೆ. ಆ ಶಾಖಾ ವ್ಯಾಪ್ತಿಯ ನೆಪ ಶಿಕ್ಷಣ ಸಾಲಕ್ಕೆ ನಡೆಯುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಸ್ಪಷ್ಟ ಮಾಡಿದೆ.

ಹಾಗಾದರೆ ಮ್ಯಾನೇಜರ್ ಯಾಕೆ ಹಾಗಂದರು? ಅವರ ಕಡೆಯಿಂದಲೂ ಸ್ವಲ್ಪ ನೋಡಿ. ಹುಡುಗರು ಓದು ಮುಗಿಸಿ ಬೆಂಗಳೂರಿಗೆ ಹೋಗುತ್ತಾರೆ. ಸಿಮ್ ಬದಲಾಗುತ್ತದೆ. ಕಂತು ನಿಂತಾಗ ಮನೆಗೆ ಹೋದರೆ "ನಮಗೆ ಗೊತ್ತಿಲ್ಲ, ಅವನನ್ನೇ ಕೇಳಿ" ಅನ್ನುತ್ತಾರೆ. ಸಾಲ ಕೊಟ್ಟ ಮ್ಯಾನೇಜರ್‌ಗೆ ಅಷ್ಟರಲ್ಲಿ ವರ್ಗ ಆಗಿರುತ್ತದೆ, ವಸೂಲಿಯ ತಲೆನೋವು ಹೊಸಬನಿಗೆ. ಹಾಗಾಗಿ ಬಾಗಿಲಲ್ಲೇ ಒಂದು ದೊಡ್ಡ ಷರತ್ತು ಹೇಳಿದರೆ ಅರ್ಧ ಜನ ತಾವಾಗಿಯೇ ತಿರುಗಿ ಹೋಗುತ್ತಾರೆ, ಇಲ್ಲ ಎಂದು ಬರೆದು ಕೊಡುವ ಗೋಜೇ ಇರುವುದಿಲ್ಲ. ನಿಮಗೆ ಆಗಿದ್ದು ಬಾಯಿಮಾತಿನ ತಿರಸ್ಕಾರ. ಅದಕ್ಕೆ ಬೆಲೆ ಕೊಡಬೇಡಿ. ಶಿಕ್ಷಣ ಸಾಲಕ್ಕೆ ಆನ್‌ಲೈನ್ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅರ್ಜಿಯ ನಂಬರ್ ಹಿಡಿದುಕೊಂಡು ಶಾಖೆಗೆ ಹೋಗಿ. ಅರ್ಜಿ ದಾಖಲಾದ ಮೇಲೆ ತಿರಸ್ಕರಿಸಬೇಕಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು, ಕಾರಣವನ್ನೂ ತಿಳಿಸಬೇಕು. ಆಗ ಮಾತಿನ ಧಾಟಿಯೇ ಬೇರೆಯಾಗುತ್ತದೆ, ನೋಡಿ.

ಇನ್ನು ಬಡ್ಡಿ. ಇಲ್ಲೇ ನಿಮ್ಮ ಮನೆಗೆ ಅತಿ ದೊಡ್ಡ ಲಾಭ ಇದೆ, ಇದನ್ನೇ ಜನ ಕಳೆದುಕೊಳ್ಳುತ್ತಾರೆ. ಲೆಕ್ಕಕ್ಕೆ ಸುಲಭವಾಗಲಿ ಎಂದು, ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ಎತ್ತಿದಿರಿ, ಬಡ್ಡಿ ಶೇ. 10 ಎಂದು ಹಿಡಿಯೋಣ. ಓದುವ ನಾಲ್ಕು ವರ್ಷ, ಅದರ ಮೇಲೆ ಒಂದು ವರ್ಷ, ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ, ಸರಳ ಬಡ್ಡಿ. ಮೊದಲ ವರ್ಷದ 1 ಲಕ್ಷಕ್ಕೆ ಐದು ವರ್ಷದಲ್ಲಿ 50,000. ಎರಡನೆಯದಕ್ಕೆ 40,000, ಆಮೇಲೆ 30,000, 20,000. ಒಟ್ಟು 1 ಲಕ್ಷದ 40 ಸಾವಿರ. ಕಂತು ಶುರುವಾಗುವ ದಿನ ನಿಮ್ಮ ತಲೆಯ ಮೇಲಿರುವುದು 4 ಲಕ್ಷ ಅಲ್ಲ, 5 ಲಕ್ಷದ 40 ಸಾವಿರ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 7,100 ರೂಪಾಯಿ.

ಕುಟುಂಬದ ಆದಾಯ 4.5 ಲಕ್ಷದ ಒಳಗಿದ್ದರೆ, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸಾದರೆ, ಈ ಐದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ತುಂಬುವ ಯೋಜನೆ ಇದೆ. ಆಗ ಕಂತು ಶುರುವಾಗುವಾಗ ಬಾಕಿ ಬರೀ 4 ಲಕ್ಷ, ತಿಂಗಳ ಕಂತು 5,300ರ ಆಸುಪಾಸು. ಮೂರು ಷರತ್ತು ಮಾತ್ರ ಗಟ್ಟಿಯಾಗಿ ನೆನಪಿಡಿ. ಸಾಲ ಬ್ಯಾಂಕಿನ ಶಿಕ್ಷಣ ಸಾಲವೇ ಆಗಿರಬೇಕು. ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ನಿಮ್ಮ ಬ್ರ್ಯಾಂಚಿಗೆ ಎನ್‌ಬಿಎ ಮಾನ್ಯತೆ ಇರಬೇಕು, ಎರಡೂ ಗುಣಮಟ್ಟ ನೋಡಿ ಕೊಡುವಂಥವು. ಓದು ಅರ್ಧಕ್ಕೆ ಬಿಡಬಾರದು. ಎರಡನೆಯದನ್ನು ಯಾರೂ ನೋಡುವುದೇ ಇಲ್ಲ. ಆಪ್ಷನ್ ಎಂಟ್ರಿ ಮಾಡುವಾಗ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಹಾಕುವಾಗ, ಪ್ಲೇಸ್‌ಮೆಂಟ್ ಕೇಳುತ್ತಾರೆ, ಬಸ್ ಇದೆಯಾ ಕೇಳುತ್ತಾರೆ, ನ್ಯಾಕ್ ಇದೆಯಾ ಎಂದು ಕೇಳುವುದಿಲ್ಲ. ಒಂದೇ ರ‍್ಯಾಂಕಿಗೆ ಎರಡು ಕಾಲೇಜು ಸಿಗುವ ಹಾಗಿದ್ದರೆ ಮಾನ್ಯತೆ ಇರುವುದನ್ನೇ ಮೇಲೆ ಹಾಕಿ. ಅದರ ಬೆಲೆ ಎಷ್ಟು ಎಂದು ಮೇಲಿನ ಲೆಕ್ಕದಲ್ಲೇ ಇದೆ.

2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಎಂಬ ಇನ್ನೊಂದು ಯೋಜನೆಗೂ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದು ಪಟ್ಟಿಯಲ್ಲಿರುವ ಆಯ್ದ ಕಾಲೇಜುಗಳಿಗೆ ಮಾತ್ರ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೇಲೆ ಹೇಳಿದ ದಾರಿ ಇದ್ದೇ ಇದೆ.

ಆದರೆ ಸಾಲಕ್ಕಿಂತ ಮುಂಚೆ ಫೀಯನ್ನೇ ಇಳಿಸುವ ಕೆಲಸ ಇದೆ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ. ಪ್ರತಿ ಕೋರ್ಸಿನಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟು, ಆದಾಯ 8 ಲಕ್ಷದ ಒಳಗಿನವರಿಗೆ, ಬೋಧನಾ ಶುಲ್ಕ ಮನ್ನಾ. ಬೇರೆ ಶುಲ್ಕ ಕಟ್ಟಬೇಕಾಗುತ್ತದೆ, ಆಮೇಲೆ ಕಾಲೇಜೋ ಬ್ರ್ಯಾಂಚೋ ಬದಲಿಸುವ ಹಾಗಿಲ್ಲ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಆದರೂ ನಿಮ್ಮ ಅರ್ಜಿಯಲ್ಲಿ ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರ್ (ಪತ್ರದ ಗುರುತಿನ ಸಂಖ್ಯೆ) ಸರಿಯಾಗಿ ಕೂತಿದೆಯಾ ನೋಡಿ. ಅದು ತಪ್ಪಿದ್ದರೆ ನೀವು ಆ ಸಾಲಿನಲ್ಲೇ ಇಲ್ಲ ಎಂದರ್ಥ. ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನೂ ಆಪ್ಷನ್ ಪಟ್ಟಿಯಿಂದ ಸುಮ್ನೆ ಬಿಟ್ಟುಬಿಡಬೇಡಿ. ನಮ್ಮ ಕಡೆಯವರಿಗೆ ಹುಬ್ಬಳ್ಳಿ, ಮಂಗಳೂರು ಅಂದರೆ ಒಂದು ತೂಕ ಜಾಸ್ತಿ. ಹಣದ ಲೆಕ್ಕದಲ್ಲಿ ಮಾತ್ರ ಸರ್ಕಾರಿ ಫೀ ಬಹಳ ಕಡಿಮೆ.

ಪ್ರವರ್ಗ-1ರಲ್ಲಿ ನಿಮ್ಮ ಆದಾಯಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿಗೆ ಅರ್ಜಿ ಹಾಕಬಹುದು. ಇಲ್ಲಿ ನಮ್ಮ ಕರಾವಳಿಗೇ ವಿಶೇಷವಾದ ಒಂದು ಕಿರಿಕಿರಿ ಇದೆ. ಜುಲೈನಲ್ಲಿ ಅಪ್ಪಂದಿರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಾಗದ ಸುತ್ತಿಕೊಂಡು, ನೆನೆದ ಕೊಡೆ ಬಾಗಿಲಲ್ಲಿಟ್ಟು ಬರುತ್ತಾರೆ. ಕಾಗದ ಬಿಡಿಸಿ ಮೇಜಿನ ಮೇಲೆ ಹಾಸಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹರಿಕಂತ್ರ, ಆಧಾರ್‌ನಲ್ಲಿ ಹರಿಕಾಂತ, ಜಾತಿ ಪತ್ರದಲ್ಲಿ ಅಡ್ಡಹೆಸರೇ ಇಲ್ಲ. ಮನುಷ್ಯರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಅರ್ಜಿ ಅಲ್ಲೇ ನಿಂತುಬಿಡುತ್ತದೆ. ಇವತ್ತೇ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ವ್ಯತ್ಯಾಸ ಇದ್ದರೆ ಆಧಾರ್ ಸೆಂಟರ್, ನಾಡಕಚೇರಿ ಕೆಲಸ ಈಗಲೇ ಮುಗಿಸಿ. ಹಾಗೇ ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಕೇಳಿ. ಖಾತೆಗೆ ಆಧಾರ್ ಕೊಟ್ಟಿದ್ದು ಬೇರೆ, ಸರ್ಕಾರದ ಹಣ ಬರಲು ಆ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗುವುದು ಬೇರೆ. ಕೌಂಟರಿನಲ್ಲಿ ಈ ಎರಡನೆಯದನ್ನೇ ಕೇಳಬೇಕು.

ನಿಮ್ಮಂಥ ಹೆಣ್ಣುಮಕ್ಕಳಿಗೆ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಪ್ರಗತಿ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಮೊದಲ ವರ್ಷದಲ್ಲೇ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಹಾಕಬೇಕು, ಅಂಕದ ಮೇಲೆ ಆಯ್ಕೆ. ಇದು ಬಂದರೆ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಜೊತೆಗೆ ಪಡೆಯುವ ಹಾಗಿಲ್ಲ, ಯಾವುದು ದೊಡ್ಡದೋ ಅದನ್ನು ಇಟ್ಟುಕೊಳ್ಳಬೇಕು. 2021ರಲ್ಲಿ ರೈತರ ಮಕ್ಕಳಿಗೆ ಶುರುವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನವನ್ನು ಆಮೇಲೆ ಮೀನುಗಾರರ ಮಕ್ಕಳಿಗೂ ವಿಸ್ತರಿಸಿದ್ದರು. ಈ ವರ್ಷದ ಅರ್ಜಿ ಬಗ್ಗೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಂದು ಮಾತು ಕೇಳಿ.

ಹಾಸ್ಟೆಲ್ ಮಾತ್ರ ಮರೆಯಬೇಡಿ. ನಿಮ್ಮ 1 ಲಕ್ಷದ 70 ಸಾವಿರದಲ್ಲಿ ದೊಡ್ಡ ತುಂಡು ಅದೇ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿನಲ್ಲಿ ಊಟ, ವಸತಿ ಉಚಿತ. ಅಲ್ಲಿ ಸಿಗದಿದ್ದರೆ ವಿದ್ಯಾಸಿರಿ, ಊಟ, ವಸತಿಗೆಂದು ಹತ್ತು ತಿಂಗಳು ಕೊಡುವ ಹಣ. ಕಾಲೇಜಿನ ಹಾಸ್ಟೆಲಿಗೆ ಪೂರ್ತಿ ವರ್ಷದ ಹಣ ಮೊದಲೇ ತುಂಬಿಬಿಟ್ಟರೆ, ಬಿಸಿಎಂ ಸೀಟು ಬಂದಾಗ ಆ ಹಣ ವಾಪಸ್ ಕೇಳಲು ಅಲೆಯಬೇಕು. ಆದಷ್ಟು ಕಂತಿನಲ್ಲಿ ಕಟ್ಟಿ.

ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳ ಅರಿವು ಸಾಲ ಎಂದು ಕೇಳಿರಬಹುದು. ವರ್ಷಕ್ಕೆ ಗರಿಷ್ಠ 1 ಲಕ್ಷ, ಬಡ್ಡಿ ಬರೀ ಶೇ. 2. ಮೀನುಗಾರ ಸಮುದಾಯಗಳಿಗೆ ನಿಜಶರಣ ಅಂಬಿಗರ ಚೌಡಯ್ಯ ಅಭಿವೃದ್ಧಿ ನಿಗಮ ಇದೆ. ಖಂಡಿತ ಅರ್ಜಿ ಹಾಕಿ. ಆದರೆ ಅದು ಆ ವರ್ಷದ ಅನುದಾನದ ಮೇಲೆ ನಿಂತಿದ್ದು, ಹಣ ಬರುವಾಗ ತಡವೂ ಆಗುತ್ತದೆ. ಅದನ್ನೇ ನಂಬಿ ಸೀಟು ಹಿಡಿಯುವುದು ಬೇಡ. ಯಾವ ವಿದ್ಯಾರ್ಥಿವೇತನಕ್ಕೂ ಇದೇ ಮಾತು. ಫೀ ಕಟ್ಟುವ ದಿನ ಒಂದು, ಅದು ಖಾತೆಗೆ ಬೀಳುವ ದಿನ ಇನ್ನೊಂದು.

ಈಗ ಈ ತಿಂಗಳ ವಿಷಯ. ಬೋಟಿನ ಮಾಲೀಕರ ಮುಂಗಡಕ್ಕೆ ಬಡ್ಡಿ ಇಲ್ಲ ನಿಜ. ನಿಮ್ಮ ಅಪ್ಪನಿಗೆ ಅದರ ಅರ್ಥ ನಿಮಗಿಂತ ಚೆನ್ನಾಗಿ ಗೊತ್ತು. ಮುಂದಿನ ಸೀಸನ್‌ನಲ್ಲಿ ಪಾಲು ಹಂಚುವಾಗ ಅದನ್ನು ಹಿಡಿಯುತ್ತಾರೆ. ಅದು ತೀರುವ ತನಕ ಬೇರೆ ಬೋಟಿಗೆ ಹೋಗುವ ಹಾಗಿಲ್ಲ, ಇನ್ನೊಬ್ಬರು ಒಳ್ಳೆಯ ಪಾಲು ಕೊಡುತ್ತೇನೆಂದರೂ ಇಲ್ಲ. ಮೀನು ಬೀಳದ ವರ್ಷ ಬಂದರೆ ಮುಂಗಡದ ಮೇಲೆ ಮತ್ತೊಂದು ಮುಂಗಡ. ನಾಲ್ಕು ವರ್ಷದ ಓದಿಗೆ ವರ್ಷ ವರ್ಷ ಹೀಗೆ ತೆಗೆದರೆ ಕಟ್ಟಿಹಾಕಿಕೊಳ್ಳುವುದು ಅಪ್ಪ. ಮಾಲೀಕರು ಕೆಟ್ಟವರು ಎಂದು ಹೇಳುತ್ತಿಲ್ಲ, ಆ ವ್ಯವಸ್ಥೆಯೇ ಹಾಗೆ. ಅದನ್ನು ಕಾಯಿಲೆ ಕಸಾಲೆಗೆ ಉಳಿಸಿಕೊಳ್ಳಿ.

ಸಂಘದ ಸಾಲ ಫೀಗಾಗಿ ಇನ್ನೊಂದು ತೆಗೆಯುವುದಂತೂ ಬೇಡವೇ ಬೇಡ. ವಾರದ ಕಂತು ಮುಂದಿನ ವಾರದಿಂದಲೇ ಶುರು, ಮನೆಯಲ್ಲಿ ದುಡಿಮೆ ಇಲ್ಲದ ಕಾಲದಲ್ಲಿ. ಈಗಿರುವ ಸಾಲದ ಕಂತು ಮಾತ್ರ ತಪ್ಪಿಸಬೇಡಿ. ಅಮ್ಮನ ಹೆಸರಲ್ಲಿ ಸಾಲ ಇರುವುದು ತೊಂದರೆ ಅಲ್ಲ, ಬಾಕಿ ಬಿದ್ದಿದ್ದರೆ ಸಿಬಿಲ್‌ನಲ್ಲಿ, ಅಂದರೆ ಬ್ಯಾಂಕುಗಳು ನೋಡುವ ಸಾಲದ ದಾಖಲೆಯಲ್ಲಿ, ಕಾಣುತ್ತದೆ. ಹಾಗಿದ್ದರೆ ಸಹ-ಸಾಲಗಾರರಾಗಿ ಅಪ್ಪನನ್ನು ಹಾಕಿ.

ಬಂಗಾರದ ಬಗ್ಗೆ ಅಮ್ಮ ಹೇಳಿದ್ದು ಅರ್ಧ ಸರಿ. ಪೂರ್ತಿ ಓದಿಗೆ ಬಂಗಾರ ಇಟ್ಟರೆ ಬಡ್ಡಿ ಸಹಾಯಧನ ತಪ್ಪುತ್ತದೆ, ಒಂದು ವರ್ಷಕ್ಕೆಲ್ಲ ಬಿಡಿಸಬೇಕು ಅಥವಾ ಬಡ್ಡಿ ಕಟ್ಟಿ ಮರು ಇಡಬೇಕು. ಆದರೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರಕ್ಕೆ ಕಟ್ಟುವ ಮೊದಲ ವರ್ಷದ ಫೀಯಷ್ಟಕ್ಕೆ, ಎರಡು ಮೂರು ತಿಂಗಳ ಮಟ್ಟಿಗೆ, ಬ್ಯಾಂಕಿನಲ್ಲೇ ಬಂಗಾರ ಇಡುವುದು ಈ ಹೊತ್ತಿಗೆ ನನಗೆ ಕಾಣುವ ಅತಿ ಕಡಿಮೆ ನಷ್ಟದ ದಾರಿ. ಕಟ್ಟಿದ ರಸೀದಿ ಜೋಪಾನ ಮಾಡಿ. ಮೊದಲೇ ಕಟ್ಟಿದ ಫೀಯನ್ನು ಶಿಕ್ಷಣ ಸಾಲದ ಮೊದಲ ಕಂತಿನಲ್ಲಿ ಸೇರಿಸಿ ಕೊಡುವ ಪದ್ಧತಿ ಹಲವು ಬ್ಯಾಂಕುಗಳಲ್ಲಿದೆ. ಅರ್ಜಿ ಕೊಡುವಾಗಲೇ ಇದನ್ನು ಬರೆದು ಕೇಳಿ. ಆ ಹಣ ಬಂದ ದಿನವೇ ಬಂಗಾರ ಬಿಡಿಸಿ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಮನೆಗೆ ನೂರು ಖರ್ಚು ಬಂದಿರುತ್ತದೆ, ಆ ಹಣ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ಏಜೆಂಟನಿಗೆ ಇನ್ನು ಫೋನ್ ಎತ್ತಬೇಡಿ. ಮ್ಯಾನೇಜ್‌ಮೆಂಟ್ ಸೀಟಿಗೆ ಎಸ್‌ಎನ್‌ಕ್ಯೂ ಇಲ್ಲ, ಪಿಎಂ ವಿದ್ಯಾಲಕ್ಷ್ಮಿ ಇಲ್ಲ. ಅವನು ಹೇಳುವ ಸ್ಕಾಲರ್‌ಶಿಪ್ ಎಂದರೆ ಸಾಮಾನ್ಯವಾಗಿ ಮೊದಲು ಏರಿಸಿ ಹೇಳಿದ ಫೀಯಲ್ಲಿ ಮೊದಲ ವರ್ಷ ಮಾತ್ರ ಸ್ವಲ್ಪ ಇಳಿಸುವುದು. ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಕೊಡಬೇಡಿ. ಕಾಲೇಜುಗಳೇ ಮೂಲ ದಾಖಲೆ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯಗಳ ಅನುದಾನ ಆಯೋಗ) ಹೇಳಿರುವಾಗ ಏಜೆಂಟನಿಗೆ ಯಾಕೆ ಬೇಕು?

ಪತ್ರದಲ್ಲಿ ನೀವು ಕೇಳಿಲ್ಲ, ಆದರೆ ಊರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, "ಕೆಲಸ ಸಿಗದಿದ್ದರೆ ಸಾಲ ಮನ್ನಾ ಆಗ್ತದೆ" ಅಂತ. ಆಗುವುದಿಲ್ಲ. 90 ದಿನ ಕಂತು ಬಾಕಿಯಾದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ನಿಮ್ಮ ಸಿಬಿಲ್ ಜೊತೆ ಅಪ್ಪನದ್ದೂ ಕೆಡುತ್ತದೆ. ಬ್ಯಾಂಕು ತನ್ನ ಪುಸ್ತಕದಲ್ಲಿ ಅದನ್ನು ಬದಿಗೆ ಸರಿಸಿದರೂ ನೀವು ಕೊಡಬೇಕಾದ್ದು ಹಾಗೇ ಉಳಿಯುತ್ತದೆ. ಕೆಲಸ ತಡವಾದರೆ ಬಾಕಿ ಬೀಳುವ ಮೊದಲೇ ಬ್ಯಾಂಕಿಗೆ ಬರೆದು ಕಂತಿನ ಆರಂಭ ಮುಂದೂಡಲು ಕೇಳಬಹುದು. ಮೊದಲೇ ಬಂದು ಹೇಳಿದವರಿಗೆ ನಾವು ದಾರಿ ಹುಡುಕುತ್ತಿದ್ದೆವು. ನಂಬರ್ ಬದಲಿಸಿದವರಿಗೆ ನೋಟಿಸ್ ಹೋಗುತ್ತಿತ್ತು.

ಬಿಎಸ್‌ಸಿ ಪ್ರಶ್ನೆಗೆ ಬರುತ್ತೇನೆ. ನಿಮಗೆ ಗಣಿತವೋ ರಸಾಯನಶಾಸ್ತ್ರವೋ ಇಷ್ಟವಾಗಿ, ಮುಂದೆ ಎಂಎಸ್‌ಸಿ, ಬಿ.ಎಡ್ ಮಾಡುವ ಮನಸ್ಸಿದ್ದರೆ ಕುಮಟಾದ ಬಿಎಸ್‌ಸಿ ಯಾವ ಲೆಕ್ಕದಲ್ಲೂ ಕಡಿಮೆ ಅಲ್ಲ, ಸಾಲವೂ ಬೇಕಾಗುವುದಿಲ್ಲ. ಆದರೆ ಎಂಜಿನಿಯರಿಂಗ್ ಬೇಕು ಎಂದಿದ್ದು, ಫೀ ಹೆದರಿಕೆಗೆ ಮಾತ್ರ ಬಿಡುವುದಾದರೆ, ಈ ಅಂಕಿಗಳನ್ನು ಒಮ್ಮೆ ಅಪ್ಪ ಅಮ್ಮನ ಜೊತೆ ಕುಳಿತು ಬರೆಯಿರಿ. ಬಿಸಿಎಂ ಹಾಸ್ಟೆಲ್ ಸಿಕ್ಕು, ಪ್ರಗತಿ ಅಥವಾ ಎಸ್‌ಎಸ್‌ಪಿ ಯಾವುದಾದರೂ ಒಂದು ಬಂದರೆ ನಿಮಗೆ ಬೇಕಾಗುವ ಸಾಲ 4 ಲಕ್ಷಕ್ಕಿಂತ ಕೆಳಗೇ ಇಳಿಯುತ್ತದೆ. ಯಾವುದೂ ಬರದಿದ್ದರೆ 6.8 ಲಕ್ಷ. ಸಾಲ 4 ಲಕ್ಷ ದಾಟಿದರೆ ಖರ್ಚಿನ ಶೇ. 5ರಷ್ಟನ್ನು ಮನೆಯಿಂದ ಹಾಕಬೇಕು, ವಿದ್ಯಾರ್ಥಿವೇತನ ಬಂದರೆ ಅದನ್ನೂ ಆ ಪಾಲಿಗೆ ಲೆಕ್ಕ ಹಿಡಿಯುತ್ತಾರೆ. ಸುಮಾರಾದ ಬ್ರ್ಯಾಂಚು, ಮಾನ್ಯತೆಯೂ ಇಲ್ಲದ ಕಾಲೇಜು, ಮೇಲೆ ಪೂರ್ತಿ 6.8 ಲಕ್ಷ ಸಾಲ, ಈ ಮೂರೂ ಸೇರಿದರೆ ನಾನಾದರೆ ಬೇಡ ಅನ್ನುತ್ತೇನೆ.

ಸೀಟು ಬಂದು ಚಾಯ್ಸ್-1 (ಇದೇ ಸೀಟು ಸಾಕು ಎಂದು ಒಪ್ಪುವ ಆಯ್ಕೆ) ಒತ್ತುವ ಮೊದಲೇ ವಿದ್ಯಾಲಕ್ಷ್ಮಿ ಅರ್ಜಿಗೆ ಬೇಕಾದ್ದನ್ನೆಲ್ಲ ತಯಾರು ಮಾಡಿಟ್ಟುಕೊಳ್ಳಿ. ಅಂಕಪಟ್ಟಿ, ಆಧಾರ್, ಪ್ಯಾನ್, ಆದಾಯ ಪತ್ರ. ಪ್ಯಾನ್ ನಿಮಗೂ ಅಪ್ಪನಿಗೂ ಬೇಕು. ಪ್ರವೇಶ ಪತ್ರ, ಕಾಲೇಜಿನ ಸೀಲು ಇರುವ ಫೀ ವಿವರ ಸಿಕ್ಕ ದಿನವೇ ಶಾಖೆಗೆ ಹೋಗಿ. ಮತ್ತೆ ಜಾಗದ ಮಾತು ಬಂದರೆ ಜಗಳ ಬೇಡ, "ಸಾರ್, ಅದನ್ನೇ ಬರೆದು ಕೊಡಿ" ಎನ್ನಿ. ಬರೆದು ಕೊಟ್ಟರೆ ಆ ಕಾಗದ ಹಿಡಿದು ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿ) ಆನ್‌ಲೈನ್ ದೂರು ಹಾಕಬಹುದು, ಅದಕ್ಕೆ ಖರ್ಚಿಲ್ಲ. ಅಲ್ಲಿಯವರೆಗೆ ಕಾಯುತ್ತಾ ಕೂರಬೇಡಿ ತಂಗಿ, ಅದೇ ದಿನ ಇನ್ನೊಂದು ಬ್ಯಾಂಕಿಗೂ ಅರ್ಜಿ ಹಾಕಿ. ವಿದ್ಯಾಲಕ್ಷ್ಮಿಯಲ್ಲಿ ಒಂದಕ್ಕಿಂತ ಹೆಚ್ಚು ಬ್ಯಾಂಕ್ ಆರಿಸಿಕೊಳ್ಳಲು ಅವಕಾಶ ಇದೆಯಾ ನೋಡಿ.